ತಾವಾಗೇ ಬರ್ತಾರ ಎನ್ನುತ್ತಿದ್ದ ಕಾಕಾ

ಅವರ ಅಂಗಿಯ ಎಡಜೇಬಿನ ತಳ ಯಾವಾಗಲೂ ಬೆಳ್ಳಗಿರುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಒರೆಸಿದ ಕನ್ನಡಕ, ಪಾಲಿಶು ಮಾಡಿದ ಚಪ್ಪಲಿ ಎಲ್ಲ ಸರಿ. ಆ ಒಂದು ಮೂಲೆ ಮಾತ್ರ ಸುಣ್ಣ ಬಳಿದಂತೆ. ಜೇಬಿನಲ್ಲಿ ಸೀಮೆಸುಣ್ಣದ ಎರಡು ಮೂರು ತುಂಡು ಇಟ್ಟುಕೊಂಡೇ ತಿರುಗುತ್ತಿದ್ದರು. ಹಾಗೆಂದು ಅವರು ಮಾಸ್ತರರಲ್ಲ. ಧಾರವಾಡದ ಆಚೆ, ಬೇಲೂರು ಕೈಗಾರಿಕಾ ಪ್ರದೇಶದ ಒಂದು ಪಂಪಿನ ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿ. ನಾನು ಅವರ ಕೋಣೆಗೆ ಟೈಪಿಸ್ಟ್ ಆಗಿ ಸೇರಿದಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಮ್ಯಾನೇಜರರಿಂದ ಹಿಡಿದು ಕಸ ಹೊಡೆಯುವ ಗಂಗವ್ವನವರೆಗೆ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನಾನೂ ಬಂದ ಎರಡನೇ ದಿನದಿಂದ ಹಾಗೇ ಕರೆದೆ.

ಮಾತಾಡುತ್ತ ಮಾತಾಡುತ್ತ ಸೀಮೆಸುಣ್ಣ ಹೊರಗೆ ಬರುತ್ತಿತ್ತು. ಕ್ಯಾಂಟೀನಿನ ಮೇಜು, ಕಂಪನಿ ಬಸ್ಸಿನ ಸೀಟಿನ ಬೆನ್ನು, ನೆಲ, ಯಾವುದು ಸಿಕ್ಕಿತೋ ಅದರ ಮೇಲೆ ನಾಲ್ಕು ಚೌಕ ಬರೆದು ನಡುವೆ ಗೆರೆ ಎಳೆಯುತ್ತಿದ್ದರು. ಮೊದಮೊದಲು ಅದು ಪಾಳಿ ಹಂಚುವ ಲೆಕ್ಕ. ಯಾರಿಗೆ ಬೆಳಗಿನ ಪಾಳಿ, ಯಾರಿಗೆ ರಾತ್ರಿಯದು, ಪಂಚಮಿಗೆ ಯಾರನ್ನು ಊರಿಗೆ ಬಿಡಬೇಕು ಎನ್ನುವುದು. ಆಮೇಲೆ ಅದೇ ಚೌಕಗಳಲ್ಲಿ ಆಟದ ತಂಡಗಳು ಬಂದು ಕೂತವು. ನನ್ನ ಮೇಜಿನ ಮೇಲೂ ಬರೆಯುತ್ತಿದ್ದರು. ನಾನು ಗದರಿಸಿದರೆ ತಾವೇ ಅಂಗಿಯ ತೋಳಿನಿಂದ ಒರೆಸುತ್ತಿದ್ದರು.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ‘ತಡಿಯೂಣು’, ಸ್ವಲ್ಪ ಕಾಯೋಣ ಎಂದು. ಒಮ್ಮೆ ಜೋಡಣೆ ವಿಭಾಗದ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡೇ ನಮ್ಮ ಕೋಣೆಗೆ ಬಂದರು. ಕಾಕಾ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, ತಾವು ಪೇಪರು ಹಿಡಿದು ಕೂತುಬಿಟ್ಟರು. ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ. ನನಗೇ ಚಡಪಡಿಕೆ. ಊಟದ ಗಂಟೆ ಹೊಡೆದಾಗ ಒಬ್ಬ ಇನ್ನೊಬ್ಬನಿಗೆ ಗೋಡೆ ನೋಡುತ್ತಲೇ, “ಬುತ್ತಿ ತಂದೀಯೇನು?” ಎಂದ. ಇಬ್ಬರೂ ಎದ್ದು ಹೋದರು. ಕಾಕಾ ಪೇಪರು ಮಡಚಿ ನನ್ನ ಕಡೆ ತಿರುಗಿದರು.

“ನೋಡಿದೆಲ್ಲ ತಂಗಿ? ಮಂದಿನ್ನ ಜಗ್ಗಿ ತರಬಾರದು. ಬಾಗಲಾ ತಗದಿಡಬೇಕು. ತಾವಾಗೇ ಬರ್ತಾರ.”

ಕಾರ್ಖಾನೆಯಲ್ಲಿ ಆ ಮಾತು ಎಷ್ಟೋ ಸಲ ನಿಜವಾಯಿತು. ಮುಷ್ಕರದ ಹೊತ್ತಿನಲ್ಲೂ ಅವರು ಗೇಟಿನ ಒಳಗೊಂದು ಕುರ್ಚಿ ಹಾಕಿಕೊಂಡು ಕೂತಿದ್ದರಂತೆ, ಜನ ಒಬ್ಬೊಬ್ಬರಾಗಿ ಒಳಗೆ ಬಂದರಂತೆ. ಅವರ ಆ ತಾಳ್ಮೆಯನ್ನು ನಾನು ಬಹಳ ಮೆಚ್ಚಿಕೊಂಡಿದ್ದೆ. ಈಗ ಹಾಗೆ ಮೆಚ್ಚಲಾರೆ.

ಆಟದ ಹುಚ್ಚು ಹತ್ತಿಸಿದವನು ಫ್ರಾನ್ಸಿನ ಒಬ್ಬ ಎಂಜಿನಿಯರ್. ಹೊಸ ಯಂತ್ರ ಕೂರಿಸಲು ಬಂದವನು ಮಳೆಗಾಲ ಪೂರ್ತಿ ಇಲ್ಲೇ ಉಳಿದ. ಅವನ ಇಂಗ್ಲಿಷು ನಮಗೆ ತಿಳಿಯದು, ನಮ್ಮದು ಅವನಿಗೆ ತಿಳಿಯದು. ಬೇಸರ ಕಳೆಯಲು ಅವನು ಊರಿಂದ ರಗ್ಬಿ ಆಟದ ವಿಡಿಯೊ ಕ್ಯಾಸೆಟ್ಟುಗಳನ್ನು ತಂದಿದ್ದ. ತರಬೇತಿ ಕೋಣೆಯ ಟಿವಿಯಲ್ಲಿ ಹಾಕಿಕೊಂಡು ನೋಡುತ್ತಿದ್ದ. ಅವರ ದೇಶದ ಟೇಪಿಗೂ ನಮ್ಮ ಯಂತ್ರಕ್ಕೂ ಬಣ್ಣದ ವಿಷಯದಲ್ಲಿ ಹೊಂದಾಣಿಕೆಯಿರಲಿಲ್ಲ. ಚಿತ್ರ ಬರೀ ಕಪ್ಪು ಬಿಳುಪಾಗಿ ಓಡುತ್ತಿತ್ತು. ಎಷ್ಟೋ ವರ್ಷದ ಮೇಲೆ ಕೇಬಲ್ ಬಂದು, ಕ್ಯಾಸೆಟ್ಟಿನಲ್ಲಿ ನೋಡಿದ್ದ ತಂಡವೊಂದು ಕಡುಗೆಂಪು ಅಂಗಿಯಲ್ಲಿ ಕಂಡಾಗ ಕಾಕಾಗೆ ಯಾಕೋ ಮೋಸ ಹೋದಂತಾಗಿತ್ತು. “ಇವರು ಬೂದಿ ಬಣ್ಣದವರಿದ್ರಲ್ಲ ತಂಗಿ!” ಎಂದು ಒಂದು ದಿನವೆಲ್ಲ ಪೇಚಾಡಿದರು.

ನಾನೂ ಒಮ್ಮೆ ಹಣಿಕಿ ನೋಡಿದೆ. ಸವತಿಕಾಯಿಯಂಥ ಚೆಂಡು, ಅದರ ಮೇಲೆ ಎಮ್ಮೆಯಂಥ ಮಂದಿ ಬಿದ್ದು ಹೊರಳಾಡುವುದು. ನನಗೆ ಸಾಕಾಯಿತು. ಕಾಕಾನನ್ನು ಹಿಡಿದದ್ದು ಆಟವಲ್ಲ, ಆ ಪಂದ್ಯಾವಳಿಯ ಏರ್ಪಾಟು. ಯುರೋಪಿನ ಕ್ಲಬ್ಬುಗಳೆಲ್ಲ ಸೇರಿ ಒಂದೇ ಬಹುಮಾನದ ಕಪ್ಪಿಗೆ ಆಡುವುದು ಆಗಷ್ಟೇ ಶುರುವಾಗಿತ್ತು. ಮೊದಲ ವರ್ಷ ಐದು ದೇಶಗಳ ಹನ್ನೆರಡೇ ತಂಡ, ಮೂರು ಮೂರರ ನಾಲ್ಕು ಗುಂಪು. ಇಂಗ್ಲೆಂಡಿನವರು, ಸ್ಕಾಟ್ಲೆಂಡಿನವರು ಬಂದೇ ಇರಲಿಲ್ಲ. ಮರುವರ್ಷ ಬಂದರು. ಬರಬರುತ್ತ ಗುಂಪುಗಳು ದೊಡ್ಡವಾದವು. ಪ್ರತಿ ತಂಡವೂ ತನ್ನ ಗುಂಪಿನವರ ಜೊತೆ ಎರಡು ಸಲ ಆಡಬೇಕು, ಒಮ್ಮೆ ತನ್ನ ಅಂಗಳದಲ್ಲಿ, ಒಮ್ಮೆ ಅವರ ಅಂಗಳದಲ್ಲಿ. ಫೈನಲ್ ಎಲ್ಲಿ ಎಂಬುದು ಮೊದಲೇ ಗೊತ್ತಾಗಿರುತ್ತದೆ, ಯಾರು ಬಂದರೂ ಅಲ್ಲಿಯೇ. ಆಟ ಮುಗಿದ ಮೇಲೆ ಬಂದವರಿಗೆ ಊಟ ಹಾಕಿ ಕಳಿಸುತ್ತಾರೆ. ಆಮೇಲಿನ ವರ್ಷಗಳದ್ದು ಕಾಕಾ ಟಿವಿಯಿಂದ ತಿಳಿದದ್ದು; ಅವನಿದ್ದಾಗಿನ ಮಟ್ಟಿಗೆ ಆ ಫ್ರೆಂಚಿನವನು ಕೈಸನ್ನೆಯಲ್ಲಿ ಹೇಳಿದ, ಕಾಕಾ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು, ಅವನು ಹೌದು ಹೌದು ಎಂದು ಗೋಣು ಹಾಕಿದ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು ಅಷ್ಟು ಖುಷಿಯಲ್ಲಿ ಮಾತಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮ ಕಡೆ ಕಬಡ್ಡಿ ಪಂದ್ಯವೆಂದರೆ ಒಂದು ದಿನದ ಆಟ. ಸೋತ ತಂಡ ಅಲ್ಲಿಗೇ ಹೊರಗೆ. ಟ್ರ್ಯಾಕ್ಟರಿನಲ್ಲಿ ಬೆಳಗಿನಿಂದ ಧೂಳು ಕುಡಿದು ಬಂದವರು ಒಂದೇ ಆಟ ಸೋತು, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗುವುದು. ಕಾಕಾಗೆ ಅದು ಸಹಿಸುತ್ತಿರಲಿಲ್ಲ.

“ಬೀಗರು ಬಂದಾರ ಅಂದ್ರ ನೀರ ಕೊಟ್ಟು ಹೊಳ್ಳಿ ಕಳಸ್ತೀವೇನು? ಇದು ಆಟ ಅಲ್ಲ, ಅವಮರ್ಯಾದಿ.”

ಹೀಗೆ ಹುಟ್ಟಿತು ಅವರ ಕಪ್ಪು. ಎಂಟು ಕಬಡ್ಡಿ ತಂಡ, ನಾಲ್ಕು ನಾಲ್ಕರ ಎರಡು ಗುಂಪು. ಸುಗ್ಗಿ ಮುಗಿದ ಮೇಲೆ ಐತವಾರ ಐತವಾರ ಆಟ. ತಮ್ಮೂರಲ್ಲಿ ಒಮ್ಮೆ, ಅವರೂರಲ್ಲಿ ಒಮ್ಮೆ. ಗೆದ್ದರೆ ಎರಡು ಪಾಯಿಂಟು. ಗುಂಪಿನ ಮೊದಲಿಗರು ನೇರ ಫೈನಲ್ಲಿಗೆ. ಫೈನಲ್ಲು ಹುಬ್ಬಳ್ಳಿಯಲ್ಲೂ ಅಲ್ಲ, ಧಾರವಾಡದಲ್ಲೂ ಅಲ್ಲ, ಎರಡರ ನಡುವಿನ ಬಯಲಿನಲ್ಲಿ. ಯಾವ ಊರಿನವರೂ ಮುಖ ಊದಿಸಿಕೊಳ್ಳಬಾರದಲ್ಲ. ನಮ್ಮ ಗುಂಪಿನಲ್ಲಿ ಕಾರ್ಖಾನೆಯ ತಂಡ, ಶಿರಗುಪ್ಪಿ ಊರಿನದು, ಧಾರವಾಡದ ಒಂದು ಗರಡಿಮನೆಯದು, ಹುಬ್ಬಳ್ಳಿ ಗೋಕುಲ ರಸ್ತೆಯ ಗ್ಯಾರೇಜು ಹುಡುಗರದು. ಮಂದಿ ಅದನ್ನು ‘ಕಾಕಾನ ಕಪ್ಪು’ ಎಂದರು. ಅವರಿಗೆ ಆ ಹೆಸರು ಸೇರುತ್ತಿರಲಿಲ್ಲ, ಆದರೆ ಯಾರ ಬಾಯಿಯನ್ನು ಮುಚ್ಚಿಸುವುದು.

ಮೊದಲ ಐತವಾರವೇ ಯುರೋಪಿನ ಏರ್ಪಾಟು ನಮ್ಮ ನೆಲದಲ್ಲಿ ಎಡವಿತು. ನಮ್ಮ ತಂಡ ಶಿರಗುಪ್ಪಿಗೆ ಹೋಗಿತ್ತು. ಆಟವಾದ ಮೇಲೆ ಊಟ ಎಂದು ಕಾಕಾ ಸಾರಿ ಸಾರಿ ಹೇಳಿದ್ದರು. ಊರ ಹಿರಿಯರು ಒಪ್ಪಬೇಕಲ್ಲ.

“ಬಂದ ಮಂದಿನ್ನ ಹಸದ ಹೊಟ್ಟಿಲೆ ಅಂಗಳದಾಗ ಓಡಸೂದೇನ್ರಿ? ನಮ್ಮೂರ ಮಾನ ಹೋಗತೈತಿ. ಮದಲ ಉಣ್ರಿ.”

ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಸಾಕು ಎಂದವರ ಎಲೆಗೆ ಎರಡು ಹೆಚ್ಚು. ಉಂಡು ಎದ್ದ ನಮ್ಮ ಹುಡುಗರು ‘ಕಬಡ್ಡಿ ಕಬಡ್ಡಿ’ ಎಂದು ನಾಲ್ಕು ಸಲ ಅನ್ನುವಷ್ಟರಲ್ಲಿ ದಮ್ಮು ಕಳೆದುಕೊಂಡರು. ಹೀನಾಯವಾಗಿ ಸೋತರು. ಶಿರಗುಪ್ಪಿಯವರು ಬೇಲೂರಿಗೆ ಬಂದಾಗ ನಮ್ಮ ಕ್ಯಾಂಟೀನಿನವರು ಸುಮ್ಮನಿರುತ್ತಾರೆಯೇ? ಕಡುಬು ಮಾಡಿ ತೀರಿಸಿಕೊಂಡರು. ಆ ವರ್ಷ ಎಲ್ಲೆಲ್ಲೂ ಮನೆಯವರೇ ಗೆದ್ದರು. “ಯುರೋಪಿನ್ಯಾಗೂ ಹಿಂಗ ತಂಗಿ, ತಮ್ಮ ಅಂಗಳದಾಗ ಆಡಿದವರದ ಮೇಲಗೈ” ಎಂದು ಕಾಕಾ ಗಂಭೀರವಾಗಿ ವಿವರಿಸಿದರು. “ಅಂಗಳದ್ದಲ್ರಿ ಕಾಕಾ, ಹೋಳಿಗೀದು” ಎಂದೆ ನಾನು. ಮರುವರ್ಷ ಹೊಸ ನಿಯಮ ಬಂತು: ಉಣಿಸುವ ತಂಡವೂ ಅದೇ ಸಾಲಿನಲ್ಲಿ ಕೂತು ಅಷ್ಟೇ ಉಣ್ಣಬೇಕು. ಆಮೇಲೆ ಎರಡೂ ತಂಡಗಳು ಗಬ್ಬದ ಎಮ್ಮೆಗಳಂತೆ ಮೆಲ್ಲಗೆ ಆಡಿದವು, ಆದರೆ ಸಮಸಮ ಆಡಿದವು. ಜಗತ್ತಿನ ಯಾವ ಕಪ್ಪಿನಲ್ಲೂ ಇಂಥ ನಿಯಮ ಇರಲಿಕ್ಕಿಲ್ಲ.

ಗೋಕುಲ ರಸ್ತೆಯ ತಂಡ ಕಟ್ಟಿದವನು ದಾವಲಸಾಬ. ಲಾರಿ ರಿಪೇರಿಯ ಗ್ಯಾರೇಜು ಇಟ್ಟಿದ್ದ. ಹಿಂದೆ ತಾನೇ ಒಳ್ಳೆಯ ಆಟಗಾರ, ಮೊಣಕಾಲು ಹೋದ ಮೇಲೆ ಹುಡುಗರನ್ನು ಆಡಿಸುತ್ತಿದ್ದ. ಕಾಕಾಗೂ ಅವನಿಗೂ ಹೇಗೆ ಅಷ್ಟು ಒಗ್ಗಿತೋ, ಇವರು ಧಾರವಾಡದ ಮೆತ್ತಗಿನ ಮಾತಿನವರು, ಆತ ಮಾತಾಡಿದರೆ ರಸ್ತೆಯ ಆಚೆ ಬದಿಗೆ ಕೇಳಬೇಕು. ಐತವಾರ ಆಟ ಯಾವ ಊರಲ್ಲಿದ್ದರೂ ದಾವಲಸಾಬನ ಮೋಟರ್‌ಸೈಕಲ್ಲಿನ ಹಿಂದೆ ಕಾಕಾ ಕೂತು ಬರುತ್ತಿದ್ದರು. ಒಂದೇ ಕಂಬಳಿಯ ಮೇಲೆ ಇಬ್ಬರೂ ಕೂತು ಆಟ ನೋಡುತ್ತಿದ್ದರು. ಕಬಡ್ಡಿಯ ಒಳಮರ್ಮವನ್ನು ಆತ ಇವರಿಗೆ ಹೇಳುತ್ತಿದ್ದ, ಇವರು ಅವನಿಗೆ ಗುಂಪಿನ ಲೆಕ್ಕ ಹೇಳುತ್ತಿದ್ದರು. ಇವರ ಲೆಕ್ಕ ಅವನ ತಲೆಗೆ ಹೋಗುತ್ತಿರಲಿಲ್ಲ.

“ಕಾಕಾ, ಗೆದ್ದವ ಗೆದ್ದ, ಸೋತವ ಸೋತ. ನಡುವ ಏನೈತ್ರಿ?”

“ನಡುವನ ಭಾಳ ಐತಿ ದಾವಲಸಾಬ. ಒಂದ ಪಾಯಿಂಟಿಲೆ ಸೋತವನೂ ಇಪ್ಪತ್ತ ಪಾಯಿಂಟಿಲೆ ಸೋತವನೂ ಒಂದೇ ಏನು?”

ಈ ಪ್ರಶ್ನೆ ಕಾಕಾನನ್ನು ವರ್ಷಗಟ್ಟಲೆ ಕಾಡಿತ್ತು. ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾದ ಮೇಲೆ ಯುರೋಪಿನ ಕಪ್ಪಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಅಲ್ಲಿ ಒಂದು ಪಾಯಿಂಟು ಕೊಡತೊಡಗಿದ್ದರು. ಟಿವಿಯಲ್ಲಿ ಅದನ್ನು ಕೇಳಿದ ಮರುದಿನ ಕಾಕಾ ಕೋಣೆಗೆ ಬಂದವರು ಮಗಳಿಗೆ ಗಂಡು ಗೊತ್ತಾದವರಂತೆ ನಗುತ್ತಿದ್ದರು. “ಸೋತವನ ಕೈಯಾಗೂ ಒಂದು ಇಟ್ಟ ಕಳಸ್ತಾರ ನೋಡು ತಂಗಿ!” ಆ ವರ್ಷದ ಆಟ ಶುರುವಾಗುವ ಮೊದಲು ಎಂಟೂ ತಂಡದವರನ್ನು ಕೂರಿಸಿ ಹೊಸ ನಿಯಮ ಹೇಳಿದರು. ಎಲ್ಲರೂ ಕೈ ಎತ್ತಿದರು. ದಾವಲಸಾಬನೂ ಎತ್ತಿದ. ತಿಳಿದು ಎತ್ತಿದನೋ, ಕಾಕಾ ಹೇಳಿದ್ದೆಂದು ಎತ್ತಿದನೋ ಎಂದು ಯಾರಾದರೂ ಕೇಳಿದರೆ, ಎರಡನೆಯದೇ ಎಂದು ನಾನು ಹೇಳುತ್ತೇನೆ.

ಗೋಕುಲ ರಸ್ತೆಯ ಹುಡುಗರು ಅಲ್ಲಿಯವರೆಗೆ ಒಮ್ಮೆಯೂ ಫೈನಲ್ ಆಡಿರಲಿಲ್ಲ. ಆ ವರ್ಷ ಆರರಲ್ಲಿ ನಾಲ್ಕು ಆಟ ಗೆದ್ದರು. ಸೋತ ಎರಡನ್ನು ಮಾತ್ರ ಬಹಳ ಕೆಟ್ಟದಾಗಿ ಸೋತಿದ್ದರು. ಧಾರವಾಡದ ಗರಡಿಯವರು ಗೆದ್ದದ್ದು ಮೂರೇ, ಸೋತ ಮೂರನ್ನೂ ಕೂದಲೆಳೆಯ ಅಂತರದಲ್ಲಿ ಸೋತಿದ್ದರು. ಗುಂಪಿನ ಆಟಗಳೆಲ್ಲ ಮುಗಿದ ದಿನ ನಮ್ಮ ಕ್ಯಾಂಟೀನಿನಲ್ಲಿ ಎಂಟೂ ತಂಡಕ್ಕೆ ಊಟ. ಗೋಕುಲ ರಸ್ತೆಯವರು ಹೊಸ ಬನಿಯನ್ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಫೈನಲ್ಲಿಗೆ ತಾವೇ ಎಂದು ಅವರಿಗೂ ಗೊತ್ತು, ಬಡಿಸುವವರಿಗೂ ಗೊತ್ತು. ಮೊದಲ ಸುತ್ತಿನ ಹೋಳಿಗೆ ಎಲೆಗೆ ಬಿದ್ದಾಗ ಕಾಕಾ ಗೋಡೆಯ ಕರಿಹಲಗೆಯ ಮೇಲೆ ಚೌಕ ಬರೆದು ಲೆಕ್ಕ ಹಾಕಿದರು. ಗೋಕುಲ ರಸ್ತೆ ಎಂಟು. ಧಾರವಾಡ ಆರು, ಸೋತದ್ದಕ್ಕೆ ಮೂರು, ಒಟ್ಟು ಒಂಬತ್ತು.

ದಾವಲಸಾಬ ಕೂತಲ್ಲಿಂದಲೇ ಕೇಳಿದ.

“ಕಾಕಾ, ನಾವು ನಾಲ್ಕ ಗೆದ್ದೇವ್ರಿ.”

“ಹೌದಪ.”

“ಅವರು ಮೂರು.”

“ಹೌದು.”

“ಆದ್ರೂ ಅವರು ಫೈನಲ್ಲಿಗೆ?”

“ನಿಯಮ ಮದಲ ಹೇಳಿದ್ನೆಲ್ಲ ದಾವಲಸಾಬ. ನೀನೂ ಕೈ ಎತ್ತಿದ್ದಿ.”

ಮೆತ್ತಗೆ, ಪ್ರೀತಿಯಿಂದಲೇ ಹೇಳಿದರು. ಆದರೆ ಅಷ್ಟು ಜನರ ನಡುವೆ ‘ನೀನೂ ಕೈ ಎತ್ತಿದ್ದಿ’ ಎಂಬುದು ಚುಚ್ಚಿತು. ದಾವಲಸಾಬ ಎಲೆಯ ಮೇಲಿಟ್ಟ ಕೈ ತೆಗೆದು ಎದ್ದ. ಅವನ ಹಿಂದೆ ಸಾಲಾಗಿ ಹುಡುಗರೆಲ್ಲ ಎದ್ದರು. ನಮ್ಮ ಕಡೆ ಎಲೆ ಬಿಟ್ಟು ಏಳುವುದೆಂದರೆ ಸಣ್ಣ ಮಾತಲ್ಲ. ಕೈ ತೊಳೆಯುವ ಕಟ್ಟೆಯ ಹತ್ತಿರ ಆತ ನಿಧಾನವಾಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದ. ಬಡಿಸುತ್ತಿದ್ದ ನಾವು ನಾಲ್ಕೈದು ಜನ “ಕೂಡ್ರಿ, ಕೂಡ್ರಿ” ಎಂದು ಬೇಡಿಕೊಂಡೆವು. ಆತ ನೋಡುತ್ತಿದ್ದದ್ದು ಕಾಕಾನನ್ನು. ಕಾಕಾ ಕರಿಹಲಗೆಯ ಮುಂದೆ ನಿಂತೇ ಇದ್ದರು. “ತಡೀರಿ, ಒತ್ತಾಯ ಮಾಡಬ್ಯಾಡ್ರಿ. ಸಿಟ್ಟು ಇಳದ ಮ್ಯಾಲ ತಾವಾಗೇ ಬರ್ತಾರ” ಎಂದರು.

ಫೈನಲ್ ನಡೆಯಿತು, ಧಾರವಾಡದವರು ಕಪ್ಪು ಒಯ್ದರು. ಗೋಕುಲ ರಸ್ತೆಯಿಂದ ನೋಡಲೂ ಯಾರೂ ಬರಲಿಲ್ಲ.

ಮಳೆಗಾಲದಲ್ಲಿ ಒಂದು ಸೋಮವಾರ ಕಾಕಾ ಕೋಣೆಗೆ ಬಂದವರೇ ನನ್ನ ಮೇಜಿನ ಮೇಲೆ ಚೌಕ ಬರೆಯತೊಡಗಿದರು. ಅವರ ಮುಖ ನೋಡಿ ನಾನು ಗದರಿಸಲಿಲ್ಲ. ಹಿಂದಿನ ದಿನ ಟಿವಿಯಲ್ಲಿ ಯಾವುದೋ ಹಳೆಯ ಆಟ ತೋರಿಸುವಾಗ ಗುಂಪಿನ ಪಾಯಿಂಟುಗಳ ಪಟ್ಟಿ ಪರದೆಯ ಮೇಲೆ ಬಂತಂತೆ. ಸೋತವರಿಗೆ ಒಂದು ಕೊಡಲು ಶುರುಮಾಡಿದ ವರ್ಷವೇ ಅಲ್ಲಿ ಗೆದ್ದವರಿಗೆ ಎರಡು ಹೋಗಿ ನಾಲ್ಕಾಗಿತ್ತು. ಕಾಕಾ ಕ್ಯಾಸೆಟ್ಟಿನ ಕಾಲದ ಹಳೆಯ ಎರಡನ್ನು ಹಾಗೇ ಇಟ್ಟುಕೊಂಡು, ಅದಕ್ಕೆ ಹೊಸ ಒಂದನ್ನು ಜೋಡಿಸಿದ್ದರು.

“ಓದು ತಂಗಿ” ಎಂದರು.

ಗೋಕುಲ ರಸ್ತೆ ನಾಲ್ಕು ನಾಲ್ಕಲೆ ಹದಿನಾರು. ಧಾರವಾಡ ಹನ್ನೆರಡು, ಮೇಲೆ ಮೂರು, ಹದಿನೈದು.

“ಅಂದ್ರ ಅವರ ಹೋಗಬೇಕಿತ್ತಲ್ರಿ ಕಾಕಾ ಫೈನಲ್ಲಿಗೆ.”

“ಹೌದು. ಅರ್ಧಾ ನಿಯಮಾ ತಂದೆ ನಾನು. ಪೂರಾ ಕೇಳಲಿಲ್ಲ.”

ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅಷ್ಟು ಸಣ್ಣಗಾದ ಅವರ ಮುಖವನ್ನು ನಾನು ಅದೇ ಮೊದಲು ನೋಡಿದ್ದು. ತಡೆಯಲಾರದೆ ಹೇಳಿದೆ:

“ಇವತ್ತ ಸಂಜೀಕ ಗೋಕುಲ ರೋಡಿಗೆ ಹೋಗಿ ಬರ್ರಿ. ತಪ್ಪಾತು ಅನ್ರಿ. ಮುಗೀತು.”

“ನಿಯಮಾ ತಿದ್ದತೇನಿ. ಬೋರ್ಡಿನ ಮ್ಯಾಲ ಬರೀತೇನಿ. ಅವನಿಗೆ ತಿಳೀತೈತಿ.”

“ಬೋರ್ಡು ಬೇಲೂರಾಗೈತಿ, ಅವರು ಹುಬ್ಬಳ್ಳ್ಯಾಗದಾರ. ಬೋರ್ಡೇನು ನಡಕೋತ ಹೋಗತೈತೇನ್ರಿ?”

ಅವರು ನಗಲಿಲ್ಲ. “ಸುದ್ದಿ ಮುಟ್ಟತೈತಿ ತಂಗಿ. ಮುಟ್ಟಿದ ಮ್ಯಾಲ ತಾವಾಗೇ ಬರ್ತಾರ. ಇಂಗ್ಲೆಂಡಿನವರೂ ನಡುವ ಒಂದ ವರ್ಷ ಸಿಟ್ಟಿಗೆದ್ದು ಬಿಟ್ಟಹೋಗಿದ್ರು. ಕಪ್ಪು ನಿಲ್ಲಲಿಲ್ಲ. ಮುಂದಿನ ವರ್ಷ ಬಂದರಲ್ಲ?”

ಅದು ನಿಜವಂತೆ. ಆ ಕಪ್ಪಿನ ಚರಿತ್ರೆ ಅವರಿಗೆ ಪಂಚಾಂಗವಾಗಿಬಿಟ್ಟಿತ್ತು, ಅಲ್ಲಿ ಆದದ್ದು ಇಲ್ಲೂ ಆಗಲೇಬೇಕು. ಇಂಗ್ಲೆಂಡಿನವರು ತಾವಾಗಿಯೇ ಬಂದರೋ, ಯಾರಾದರೂ ಅವರ ಮನೆಗೆ ಹೋಗಿ ಮಾತಾಡಿ ಕರೆತಂದರೋ, ಟಿವಿಯಲ್ಲಿ ಅದನ್ನೆಲ್ಲ ತೋರಿಸುವುದಿಲ್ಲ.

ಸುಗ್ಗಿ ಬಂತು. ಹೊಸ ವರ್ಷದ ಆಟಕ್ಕೆ ಏಳು ತಂಡಗಳಿಗೆ ಕರೆ ಹೋಯಿತು. ಊರೂರಿಗೆ ಹೋಗಿ, ಅಡಿಕೆ ಎಲೆ ಕೊಟ್ಟು, ಬರ್ರಿ ಎಂದು ಹೇಳಿ ಬರುವುದು ನಮ್ಮ ಪದ್ಧತಿ. ಕಾಕಾ ಶಿರಗುಪ್ಪಿಗೂ ಹೋದರು, ಧಾರವಾಡದ ಗರಡಿಗೂ ಹೋದರು. ಗೋಕುಲ ರಸ್ತೆಗೆ ಮಾತ್ರ ಹೋಗಲಿಲ್ಲ. ನನಗೆ ಸಿಟ್ಟೇ ಬಂತು.

“ಯಾಕ್ರಿ ಕಾಕಾ, ಅವರನ್ನಷ್ಟ ಬಿಟ್ರಿ? ಇಷ್ಟ ಹಟಾ ಛಲೋ ಅಲ್ರಿ.”

ಅವರು ನಿಜವಾಗಿ ಆಶ್ಚರ್ಯಪಟ್ಟರು. “ಹಟಾ ಎಲ್ಲಿದವಾ? ಪರರನ್ನ ಕರೀಬೇಕು ತಂಗಿ. ದಾವಲಸಾಬ ಮನಿ ಮನಶ್ಯಾ. ಮನಿ ಮಂದೀಗೆ ಯಾರರ ಅಡಿಕಿ ಎಲಿ ಕೊಟ್ಟು, ನಮ್ಮ ಮನೀಗೆ ಊಟಕ್ಕ ಬರ್ರಿ ಅಂತಾರೇನು? ಹಂಗ ಕರದ್ರ ಅವನ್ನ ಹೊರಗ ಹಾಕಿದಂಗ ಆಗೂದಿಲ್ಲೇನು?”

ಅವರ ಮಾತು ತಪ್ಪೆಂದು ಹೇಗೆ ಹೇಳಲಿ? ನಮ್ಮಲ್ಲಿ ಮನೆಯವರನ್ನು ಕರೆಯುವುದಿಲ್ಲ ಎನ್ನುವುದು ಖರೇನೇ.

ಗೋಕುಲ ರಸ್ತೆಯ ಚೌಕವನ್ನು ಅವರು ಅಳಿಸಲಿಲ್ಲ. ನವನಗರದ ಒಂದು ತಂಡ ಆ ಜಾಗಕ್ಕೆ ಬರಲು ದುಂಬಾಲು ಬಿದ್ದಿತ್ತು. “ಯುರೋಪಿನ ಕಪ್ಪಿನ್ಯಾಗ ಇಟಲಿಯವರು ವರ್ಷಾ ವರ್ಷಾ ಸೋಲ್ತಾರ, ಅವರ ಕುರ್ಚಿ ಯಾರರ ತಗದಾರೇನು? ಅದು ದಾವಲಸಾಬನ ಜಾಗಾ” ಎಂದು ಕಳಿಸಿಬಿಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ಗೋಕುಲ ರಸ್ತೆಯವರೊಡನೆ ಆಟವಿರಬೇಕಾದ ಐತವಾರಗಳಲ್ಲಿ ಎದುರಾಳಿ ತಂಡ ಬನಿಯನ್ ಹಾಕಿಕೊಂಡು ಅಂಗಳದಲ್ಲಿ ಬಂದು ನಿಲ್ಲಬೇಕು. ಅಡಿಗೆಯೂ ಆಗಿರಬೇಕು. ಗೋಕುಲ ರಸ್ತೆಯವರು ಬಂದೇಬಿಟ್ಟರೆ? ಕಾಕಾ ಕಂಬಳಿ ಹಾಸಿ, ಒಂದು ಬದಿಗೆ ಸರಿದು ಕೂರುತ್ತಿದ್ದರು. ರಸ್ತೆಯಲ್ಲಿ ಮೋಟರ್‌ಸೈಕಲ್ಲಿನ ಸದ್ದಾದರೆ ಅರ್ಧ ಏಳುತ್ತಿದ್ದರು. ಬಿಸಿಲು ಏರಿದ ಮೇಲೆ “ಮುಂದಿನ ಸಲ ಬರ್ತಾರ” ಎಂದು ಆಟಗಾರರನ್ನು ಉಣಿಸಿ ಕಳಿಸುತ್ತಿದ್ದರು.

ಆಡಲು ಬಂದ ಹುಡುಗರು ಎಷ್ಟು ದಿನ ಸುಮ್ಮನೆ ನಿಲ್ಲುತ್ತಾರೆ? ಮರುವರ್ಷ ಶಿರಗುಪ್ಪಿಯವರು, “ನಿಂತು ಬರಾಕ ಅಷ್ಟ ದೂರ ಯಾಕ್ರಿ, ನಮ್ಮ ಹೊಲದಾಗ ನಿಲ್ತೀವಿ” ಎಂದರು. ಅವರು ಬಿಟ್ಟ ಮೇಲೆ ಇನ್ನೊಂದು ಚೌಕ ಖಾಲಿ. ಧಾರವಾಡದ ಗರಡಿಯವರು ಬೇರೆ ಪಂದ್ಯಗಳಿಗೆ ಹೋದರು. ಕಾಕಾನ ಕಪ್ಪನ್ನು ಯಾರೂ ನಿಲ್ಲಿಸಲಿಲ್ಲ. ಕಾಯುತ್ತ ಕಾಯುತ್ತ ಅದೇ ನಿಂತುಹೋಯಿತು. ಮುಂದಿನ ವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರೂ ಅವರ ತಾಳ್ಮೆಯನ್ನೇ ಹೊಗಳಿದರು. ನನಗೆ ಚಪ್ಪಾಳೆ ತಟ್ಟಲು ಮನಸ್ಸಾಗಲಿಲ್ಲ.

ಆಮೇಲೆ ನಾನು ಒಂದೆರಡು ಸಲ ಧಾರವಾಡದ ಅವರ ಮನೆಗೆ ಹೋಗಿದ್ದೇನೆ. ಮೊಮ್ಮಗಳಿಗೆ ಅಂಗಳದಲ್ಲಿ ಚೌಕ ಬರೆದು ಕುಂಟಬಿಲ್ಲೆ ಆಡಿಸುತ್ತಿದ್ದರು. ನನ್ನನ್ನು ಕಂಡರೆ ಮೊದಲ ಪ್ರಶ್ನೆ, “ಗೋಕುಲ ರೋಡಿನ ಕಡೆ ಹೋಗಿದ್ದೇನು ತಂಗಿ?” ಎಂದು. ಹೋಗಿದ್ದೆ ಎಂದರೆ ಅವರು ಮುಂದೆ ಕೇಳುತ್ತಿರಲಿಲ್ಲ. ನಾನೇ, “ಗ್ಯಾರೇಜು ತಗದಿತ್ರಿ, ಅರಾಮ ಕಂಡ್ರು” ಎಂದು ಹೇಳುತ್ತಿದ್ದೆ. “ಬರ್ತಾನ” ಎನ್ನುತ್ತಿದ್ದರು. “ನೀವ ಹೋಗ್ರಿ” ಎನ್ನುತ್ತಿದ್ದೆ ನಾನು. ಇಬ್ಬರಿಗೂ ಅದು ರೂಢಿಯಾಗಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಗಳಿಗೆಗೊಂದು ಬಸ್ಸು. ಅಷ್ಟು ಹತ್ತಿರದ ಎರಡು ಊರುಗಳಲ್ಲಿ ಇಬ್ಬರು ಒಬ್ಬರಿಗಾಗಿ ಒಬ್ಬರು ಕಾದು ವರ್ಷಗಳನ್ನು ಕಳೆದರಲ್ಲ ಎಂದು ಈಗಲೂ ನನಗೆ ಅಳು ಬರುತ್ತದೆ, ಅಳುವಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಅವರು ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ನಾನು ಹೋಗುವಷ್ಟರಲ್ಲಿ ಅಂಗಳ ತುಂಬಿತ್ತು. ಕಾರ್ಖಾನೆಯ ಬಸ್ಸು ಬಂದಿತ್ತು, ಶಿರಗುಪ್ಪಿಯ ಹಿರಿಯರು ಬಂದಿದ್ದರು. ಬಾಗಿಲಿನಿಂದ ಸ್ವಲ್ಪ ದೂರ, ಬೇವಿನ ಗಿಡದ ಹತ್ತಿರ, ಒಂದು ಟೆಂಪೊದಿಂದ ಇಳಿದ ಗಂಡಸರ ಗುಂಪು ನಿಂತಿತ್ತು. ಮುಂದೆ ದಾವಲಸಾಬ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹಿಂದೆ ಅವನ ತಂಡ, ಈಗ ಹುಡುಗರಲ್ಲ, ಹೊಟ್ಟೆ ಬಂದ ಸಂಸಾರಸ್ಥರು. ಒಬ್ಬರೂ ತಪ್ಪದೆ ಬಂದಿದ್ದರು.

“ನಿಮಗ ಯಾರು ತಿಳಿಸಿದ್ರಿ?” ಎಂದು ಕೇಳಿದೆ.

“ಯಾರೂ ಇಲ್ರಿ ಅಕ್ಕಾರ. ನಿಮ್ಮ ಕಂಪನಿ ಬಸ್ಸಿನ ಡ್ರೈವರ್ ಗ್ಯಾರೇಜಿನ ಮುಂದ ಗಾಡಿ ನಿಲ್ಲಿಸಿ ಯಾರ ಕೂಡನೋ ಮಾತಾಡಾಕತ್ತಿದ್ದ, ಕಿವಿಗೆ ಬಿತ್ತು. ಸತ್ತವರ ಮಣ್ಣಿಗೆ ಯಾರರ ಕರೀಲಿ ಅಂತ ಕುಂದ್ರತಾರೇನ್ರಿ?”

“ಆ ವರ್ಷದ ಲೆಕ್ಕ ತಪ್ಪಿತ್ರಿ ದಾವಲಸಾಬ. ನೀವ ಫೈನಲ್ಲಿಗೆ ಹೋಗಬೇಕಿತ್ತು. ಕಾಕಾಗ ಆಮ್ಯಾಲ ತಿಳೀತು” ಎಂದೆ.

“ಗೊತ್ತಾತ್ರಿ. ಬೋರ್ಡ್ ಮ್ಯಾಲ ಬರದಾರಂತ ಸುದ್ದಿ ಬಂತು. ಅವತ್ತ ಹುಡುಗರ್ನೆಲ್ಲ ಕೂಡಿಸಿದೆ. ಕಾಕಾ ಇನ್ನ ಕರಿಯಾಕ ಬರ್ತಾರ, ಬಂದ ಕೂಡಲೇ ಎದ್ದ ಹೋಗೂದು, ತಿರುಗಿ ಮಾತಾಡಬಾರದು ಅಂತ ಹೇಳಿ ಇಟ್ಟಿದ್ದೆ. ಆ ಸುಗ್ಗಿ ಪೂರ್ತಿ ದಾರಿ ನೋಡಿದ್ವಿ. ಎಲ್ಲಾರ ಊರಿಗೂ ಹೋದ್ರಂತ. ನಮ್ಮ ಕಡೆ ಬರಲಿಲ್ಲ. ನಾವು ಬ್ಯಾಡಾದ್ವಿ ಅಂತ ತಿಳಕೊಂಡ್ವಿ.”

“ಬ್ಯಾಡಾಗಿ ಅಲ್ರಿ” ಎಂದೆ. “ನೀವು ಮನಿ ಮಂದಿ, ಮನಿ ಮಂದಿನ್ನ ಕರೀಬಾರದು ಅಂತಿದ್ರು. ನಿಮ್ಮ ಜಾಗಾ ಯಾರಿಗೂ ಕೊಡಲಿಲ್ಲ. ಐತವಾರ ಐತವಾರ ಕುಂತು ಕಾದ್ರು.”

ದಾವಲಸಾಬ ನನ್ನ ಮುಖವನ್ನೇ ನೋಡಿದ. “ಮನಿ ಮಂದಿ ಅಂದಿದ್ರಾ?”

“ಪ್ರತಿ ವರ್ಷ ಅಂತಿದ್ರು.”

ರಸ್ತೆಯಾಚೆ ಕೇಳುತ್ತಿದ್ದ ಅವನ ದನಿ ಈಗ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಲಿಲ್ಲ. “ಮನಿ ಮಂದಿನ್ನ ಕರಿಯೂದಿಲ್ಲ, ಖರೇರಿ. ಆದ್ರ ಮನ್ಯಾಗಿನವ ಸಿಟ್ಟಿಲೆ ಎಲಿ ಬಿಟ್ಟ ಎದ್ರ, ರಟ್ಟಿ ಹಿಡದು ಕೂಡ್ರಸವರು ಬೇಕಲ್ರಿ. ಆವತ್ತ ಕೈ ತೊಳಕೋತ ಅಷ್ಟೊತ್ತು ನಿಂತಿದ್ದೆ ನಾನು.”

ಅಷ್ಟರಲ್ಲಿ ಒಳಗಿನಿಂದ ದೇಹವನ್ನು ಹೊರಗೆ ತಂದರು. ಕಾಕಾಗೆ ಗಂಡುಮಕ್ಕಳಿರಲಿಲ್ಲ. ಅಳಿಯ ಒಂದು ಕಡೆ ನಿಂತ, ಅಣ್ಣನ ಮಗ ಇನ್ನೊಂದು ಕಡೆ. ಮನೆಯ ಹಿರಿಯರೊಬ್ಬರು ಅಂಗಳದ ಕಡೆ ತಿರುಗಿ, “ಹೆಗಲಿಗೆ ಇನ್ನಿಬ್ಬರು ಬೇಕಪಾ, ಮನಿ ಮಂದಿ ಯಾರದೀರಿ ಬರ್ರಿ” ಎಂದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾವಲಸಾಬ ಯಾರ ಮುಖವನ್ನೂ ನೋಡಲಿಲ್ಲ. ಚಪ್ಪಲಿ ಕಳಚಿ, ಕುಂಟುವ ಕಾಲು ಎಳೆಯುತ್ತ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಹೆಗಲು ಕೊಟ್ಟ.